ಇಲ್ಲದ ಟೆಂಟಿನ ಹತ್ತಿರ ಎಡಕ್ಕೆ

ತನ್ನ ಮನೆಯ ಬಚ್ಚಲು ಭೂಮಿಯ ಮೇಲೆ ಯಾವ ಅಕ್ಷಾಂಶ, ಯಾವ ರೇಖಾಂಶದಲ್ಲಿದೆ ಎಂದು ಬಾಯಿಪಾಠವಾಗಿ ಹೇಳಬಲ್ಲವರು ಇಡೀ ಚಳ್ಳಕೆರೆಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರಮಾವ! ಆ ಬಚ್ಚಲಿನಲ್ಲಿ ಸೋಪು ಎಲ್ಲಿದೆ ಎಂದು ಕೇಳಿ ನೋಡಿ, ಗೊತ್ತಿಲ್ಲ. ಅದಕ್ಕೆ ಅತ್ತೆಯನ್ನೇ ಕೂಗಬೇಕು.

ಇದೆಲ್ಲ ಹೀಗೆಯೇ ನಡೆಯಿತು ಎಂದು ನಾನು ಆಣೆ ಮಾಡಲಾರೆ. ನನ್ನ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ, ಅದಕ್ಕೇ ದಿನಚರಿ ಬರೆಯುತ್ತೇನೆ. ದಿನಚರಿಯನ್ನೂ ಪೂರ್ತಿ ನಂಬುವುದಿಲ್ಲ, ಏಕೆಂದರೆ ಬರೆದವಳು ನಾನೇ ಅಲ್ಲವೆ?

ಮಾವ ಮೊದಲು ಊರಿನಲ್ಲಿ ಟೈಪಿಂಗ್ ಶಾಲೆ ನಡೆಸುತ್ತಿದ್ದರು. ಕಂಪ್ಯೂಟರ್ ಬಂದು ಟೈಪಿಂಗ್ ಕಲಿಯುವವರೇ ಇಲ್ಲವಾದಾಗ ಅವರ ಜೊತೆಯವರೆಲ್ಲ ಕಂಪ್ಯೂಟರಿಗೆ ಹಿಡಿಶಾಪ ಹಾಕಿದರು. ಮಾವ ಮಾತ್ರ ಅದನ್ನೇ ಮನೆಗೆ ತಂದು ಕುಂಕುಮ ಇಟ್ಟು ಊದುಬತ್ತಿ ಹಚ್ಚಿದರು! ಅಂದಿನಿಂದ ಇಂಟರ್‌ನೆಟ್ಟಿನಲ್ಲಿ ಯಾರು ಏನನ್ನು ಧರ್ಮಕ್ಕೆ ಕೊಟ್ಟರೂ ಮಾವ ಅದನ್ನು ಇಳಿಸಿಕೊಂಡಿದ್ದಾರೆ. ಚಿತ್ರ ತಿದ್ದುವುದು, ಹಾಡು ಕತ್ತರಿಸುವುದು, ಪುಸ್ತಕ ಓದಿ ಹೇಳುವುದು, ಯಾವ ವಿಡಿಯೊ ಕೊಟ್ಟರೂ ತೋರಿಸುವುದು. ಈ ಕೊನೆಯದರ ಬಗ್ಗೆ ಮಾವನಿಗೆ ವಿಶೇಷ ಅಭಿಮಾನ. “ನಮ್ಮೂರ ಮೇಕೆ ಇದ್ದಂಗೆ ಕಣಮ್ಮ, ಏನು ಕೊಟ್ರೂ ತಿಂತೈತೆ!”

ಹಳೆಯ ಕಂಪ್ಯೂಟರ್ ಇರುವ ಮನೆಯವರು ಮಾವನನ್ನು ಊಟಕ್ಕೆ ಕರೆಯಲು ಹೆದರುತ್ತಾರೆ. ನಮ್ಮ ಭಾವ ಹೆದರದೆ ಕೆಟ್ಟರು. ಹಬ್ಬದ ಊಟ ಮುಗಿಸಿ ಒಂದು ನಿದ್ದೆ ತೆಗೆದು ಎದ್ದರೆ ಅವರ ಲ್ಯಾಪ್‌ಟಾಪು ಗುರುತೇ ಸಿಗಲಿಲ್ಲ.

“ಏನ್ ಮಾವ ಇದು? ನನ್ನ ಲ್ಯಾಪ್‌ಟಾಪ್ ಎಲ್ಲಿ?”

“ಅದೇ ಐತಲ್ಲಪ್ಪ ಮುಂದೆ. ನಿನ್ ಫೈಲೆಲ್ಲ ಭದ್ರವಾಗವೆ. ಅದನ್ನ ನಡೆಸೋ ಸಾಫ್ಟ್‌ವೇರು, ಒಳಗಿನ ಜೀವ, ಬದಲಾಗೈತೆ, ಅಷ್ಟೆ.”

“ಬಿಟ್ಟೀದಾ?”

ಮಾವನಿಗೆ ಕೇಳಬಾರದ ಪ್ರಶ್ನೆ ಇದು! “ಬಿಟ್ಟೀದಲ್ಲ, ಮುಕ್ತ! ಬಿಟ್ಟಿ ಅಂದ್ರೆ ಹಾಕಿದ್ದು ತಿಂದು ಸುಮ್ನೆ ಏಳೋದು. ಮುಕ್ತ ಅಂದ್ರೆ ಅಡಿಗೆಮನೆಗೇ ಹೋಗಿ ನಮಗೆ ಬೇಕಾದಷ್ಟು ಉಪ್ಪು ಹಾಕ್ಕೊಳ್ಳಬೋದು.”

ಒಳಗಿನಿಂದ ಅತ್ತೆಯ ದನಿ ಬಂತು: “ನಮ್ ಮನೇಲಿ ಅಡಿಗೆಮನೆಗೆ ಬಂದು ಯಾರು ಉಪ್ಪು ಹಾಕ್ಯಾರೆ, ಒಂದ್ಸಲ ಹೇಳ್ರಿ ನೋಡಾನ!”

ಬೇರೆಯವರು ಬೆಳಗಾದರೆ ಗುಲಾಬಿ ಹೂವಿನ ಶುಭೋದಯ ಕಳಿಸಿದರೆ ಮಾವ ನಮ್ಮ ಕುಟುಂಬದ ಗುಂಪಿಗೆ ‘ಈವತ್ತಿನ ಸರಕು’ ಎಂದು ಏನಾದರೊಂದು ಕಳಿಸುತ್ತಾರೆ. ತಲೆಯ ಮೇಲೆ ಹಾರುವ ವಿಮಾನ ಎಲ್ಲಿಂದ ಎಲ್ಲಿಗೆ ಹೊರಟಿದೆ ಎಂದು ತೋರಿಸುವ ತಾಣ ಸಿಕ್ಕಿದ ದಿನವಂತೂ ಅವರು ಮಾಳಿಗೆಯಿಂದ ಇಳಿಯಲೇ ಇಲ್ಲ. “ನೋಡೇ, ಇದು ದುಬೈಗೆ ಹೋಗ್ತೈತೆ!” ಎಂದು ಆಕಾಶ ತೋರಿಸಿದರೆ ಅತ್ತೆ ತಲೆ ಎತ್ತದೆ, “ಹೋಗ್ಲಿ ಬಿಡ್ರಿ, ನನ್ ಸಂಡಿಗೆ ಮ್ಯಾಲೆ ನೆರಳು ಬೀಳದಿದ್ರೆ ಸಾಕು” ಎಂದರು. ಸೆಲ್ಫಿ ಕೋಲಿನಿಂದ ಮಾವ ಇವತ್ತಿನವರೆಗೆ ಒಂದೂ ಸೆಲ್ಫಿ ತೆಗೆದಿಲ್ಲ. ಫೋನನ್ನು ಅದಕ್ಕೆ ಸಿಕ್ಕಿಸಿ ಮೇಲಿನ ಟ್ಯಾಂಕಿನಲ್ಲಿ ನೀರು ಎಷ್ಟಿದೆ ಎಂದು ಇಣುಕಿ ನೋಡುತ್ತಾರೆ!

ಹೀಗೆ ನಗುನಗುತ್ತ ಇದ್ದ ಮನೆಯಲ್ಲಿ ಕಳೆದ ಬೇಸಿಗೆಯಲ್ಲಿ ಒಂದು ಘಟನೆ ನಡೆಯಿತು.

ಅತ್ತೆಯ ಅಕ್ಕ ಮೊಳಕಾಲ್ಮುರಿನಲ್ಲಿದ್ದಾರೆ. ಮಗ್ಗದ ಮನೆ. ಆ ಅಕ್ಕನಿಗೆ ಮಂಡಿನೋವು, ಬಸ್ಸು ಹತ್ತಲಾರರು. ಆದ್ದರಿಂದ ಅತ್ತೆಯೇ ಪ್ರತಿ ಸೋಮವಾರ ಮಂಡಕ್ಕಿಯ ಚೀಲ ಹಿಡಿದು ಬಸ್ಸು ಹತ್ತಿ, ಅಲ್ಲಿಳಿದು, ಓಣಿಗಳಲ್ಲಿ ನಡೆದು, ಅಕ್ಕನ ಜೊತೆ ಒಂದಿಷ್ಟು ಜಗಳ ಮಾಡಿ, ಸಂಜೆಗೆ ವಾಪಸು ಬರುತ್ತಿದ್ದರು. ಒಂದು ಸೋಮವಾರ ಮಾವನಿಗೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮೊಳಕಾಲ್ಮುರಿನ ಒಬ್ಬ ಬೈಕ್ ಮೆಕ್ಯಾನಿಕ್, ಸಾಬರು. “ಅಮ್ಮಾಜಿ ನಮ್ ಗ್ಯಾರೇಜ್ ಮುಂದೆ ಕುಂತವ್ರೆ ಸಾರ್. ದಾರಿ ತಪ್ಪೈತೆ ಅಂತಾರೆ. ಫಿಕರ್ ಮಾಡ್ಬ್ಯಾಡ್ರಿ, ಚಾಯ್ ಕುಡೀತಾವ್ರೆ.” ಅತ್ತೆಯ ಫೋನಿನ ಬೆನ್ನಿಗೆ ಮಾವ ಅಂಟಿಸಿದ್ದ ಚೀಟಿಯಿಂದ ಅವರಿಗೆ ನಂಬರು ಸಿಕ್ಕಿತ್ತು.

ವರ್ಷಾನುಗಟ್ಟಲೆ ನಡೆದ ದಾರಿ! ಚಿತ್ರದುರ್ಗದ ಡಾಕ್ಟರು ಪರೀಕ್ಷೆ ಮಾಡಿ, ಮರೆವು ಶುರುವಾಗಿದೆ, ನಿಧಾನಕ್ಕೆ ಹೆಚ್ಚಬಹುದು, ಆದರೆ ಮಾಡುತ್ತಿರುವ ಕೆಲಸ ಯಾವುದನ್ನೂ ಬಿಡಿಸಬೇಡಿ ಎಂದರು. ನಮ್ಮ ಮನೆಯವರು ಈ ಮಾತಿನ ಮೊದಲರ್ಧ ಮಾತ್ರ ಕೇಳಿಸಿಕೊಂಡರು.

“ಇನ್ಮ್ಯಾಲೆ ಅವ್ಳನ್ನ ಒಬ್ಳನ್ನೇ ಕಳಿಸ್ಬ್ಯಾಡ ಕಣೋ” ಎಂದು ನಮ್ಮವ್ವ ತಮ್ಮನಿಗೆ ತಾಕೀತು ಮಾಡಿದಳು. “ಜೊತೆಗೆ ಯಾರಾನ ಹೋಗ್ರಿ.”

ಅತ್ತೆ ಹೂ ಕಟ್ಟುತ್ತಿದ್ದವರು ದಾರ ಕೆಳಗಿಟ್ಟರು. “ಒಬ್ಳೇ ಹೋದ್ರೆ ಅಕ್ಕನ ಮನೆಗೆ ಹೋದಂಗೆ, ಅತ್ತಿಗೆಮ್ಮಾ. ಯಾರನ್ನಾದ್ರೂ ಕಟ್ಕೊಂಡು ಹೋದ್ರೆ ಆಸ್ಪತ್ರೆಗೆ ಹೋದಂಗೆ. ನಾನು ಹೋಗೋದೇ ಇಲ್ಲ ಬಿಡ್ರಿ.”

ಹೋಗಲೂ ಇಲ್ಲ. ಸೋಮವಾರ ಬಂದರೆ ಸೀರೆ ಉಟ್ಟು, ಮಂಡಕ್ಕಿ ಕಟ್ಟಿ, ಕಟ್ಟೆಯ ಮೇಲೆ ಕೂತು, ಮಧ್ಯಾಹ್ನ ಆ ಮಂಡಕ್ಕಿಯನ್ನು ಬಿಚ್ಚಿ ಡಬ್ಬಿಗೆ ಸುರಿಯುತ್ತಿದ್ದರು. ಮಾವ ಇದನ್ನು ನೋಡಿ ಏನೂ ಹೇಳಲಿಲ್ಲ. ಮಾವ ಏನೂ ಹೇಳದೆ ಇದ್ದರೆ ಯಾವುದೋ ಹೊಸ ಸರಕು ಇಳಿಯುತ್ತಿದೆ ಎಂದು ಅರ್ಥ!

ಎಲ್ಲರ ಫೋನಿನಲ್ಲೂ ಇರುವ ನಕ್ಷೆಯನ್ನು ಮೊದಲು ಅತ್ತೆಗೆ ಕಲಿಸಲು ಹೋದರು. ಅದರೊಳಗಿನ ಹೆಂಗಸು ಗಂಭೀರವಾಗಿ, “ಈಶಾನ್ಯ ದಿಕ್ಕಿಗೆ ಮುಂದುವರಿಯಿರಿ” ಎಂದಳು. ಅತ್ತೆ ಬೆಚ್ಚಿದರು. “ಈಶಾನ್ಯ ದೇವ್ರ ಮೂಲೆ ಕಣ್ರೀ. ಚಪ್ಪಲಿ ಹಾಕ್ಕೊಂಡು ಹೋಗಾಕಾಗ್ತದಾ?” ಸಾಲದ್ದಕ್ಕೆ ಅಕ್ಕನ ಓಣಿಯೇ ಆ ನಕ್ಷೆಯಲ್ಲಿ ಇರಲಿಲ್ಲ.

ಆಗ ಮಾವನಿಗೆ ಸಿಕ್ಕಿದ್ದು ಯಾರು ಬೇಕಾದರೂ ಬರೆಯಬಹುದಾದ ಒಂದು ಮುಕ್ತ ನಕ್ಷೆ. ಜಗತ್ತಿನ ಜನವೆಲ್ಲ ಸೇರಿ ತಂತಮ್ಮ ಊರನ್ನು ತಾವೇ ಬರೆದುಕೊಂಡದ್ದು. ಅದರಲ್ಲೂ ಮೊಳಕಾಲ್ಮುರಿನ ಒಳಗೆ ಬರೀ ಖಾಲಿ ಜಾಗ! ಮಾವ ಅಂದೇ ಮೊಪೆಡ್ಡಿನ ಹ್ಯಾಂಡಲ್ಲಿಗೆ ಅತ್ತೆಯ ಜಡೆಯ ಟೇಪಿನಿಂದ ಫೋನು ಕಟ್ಟಿ ಹೊರಟರು. ಬೇವಿನ ಮರ, ನಲ್ಲಿ, ಗಿರಣಿ, ಹಾಲಿನ ಡೇರಿ, ಎಲ್ಲವೂ ಒಳಗೆ ಹೋದವು. ತಿರುವೊಂದರಲ್ಲಿ ‘ಕಚ್ಚುವ ನಾಯಿ’ ಎಂದೂ ಗುರುತು ಹಾಕಿದರು. ಎರಡು ದಿನಕ್ಕೆ ಜರ್ಮನಿಯ ಯಾರೋ ಪುಣ್ಯಾತ್ಮರು, ಈ ನಕ್ಷೆಯಲ್ಲಿ ನೆಲದ ಮೇಲೆ ಕಾಣುವ, ಕದಲದ ವಸ್ತುಗಳನ್ನು ಮಾತ್ರ ಬರೆಯಬೇಕು ಎಂದು ವಿನಯದಿಂದ ತಿಳಿಸಿ ಅದನ್ನು ಅಳಿಸಿದರು. ಮಾವ ಉತ್ತರ ಬರೆದರು: ‘ಈ ನಾಯಿ ಕದಲುವುದಿಲ್ಲ. ಬಂದು ನೋಡಿ.’ ಜರ್ಮನಿಯಿಂದ ಯಾರೂ ಬರಲಿಲ್ಲ. ಆದರೆ ಆ ನಿಯಮ ಮಾವನಿಗೆ ಬಹಳ ಹಿಡಿಸಿತು. ಆಮೇಲೆ ನಾನು ಯಾವುದಾದರೂ ಹಳೆಯ ಅಂಗಡಿಯ ಹೆಸರು ಹೇಳಿದರೆ, “ಈಗ ಐತಾ? ಇಲ್ಲ ತಾನೆ? ಇಲ್ಲದ್ದು ಬರೆಯಂಗಿಲ್ಲ” ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಹುಚ್ಚು ಹಿಡಿದ ಮೇಲೆ ಮೊಳಕಾಲ್ಮುರಿಗೇ ನಿಲ್ಲುತ್ತದೆಯೆ? ಸಿದ್ದಾಪುರದ ಬಂಡೆಗಳ ನಡುವಿನ ಕುರಿದಾರಿಗಳನ್ನೂ ಬರೆಯಲು ಹೋದರು. ಬ್ರಹ್ಮಗಿರಿಯ ಹತ್ತಿರ ಜನ ಸುತ್ತುಗಟ್ಟಿದರಂತೆ.

“ಯಾವ ಕಂಪ್ನಿಯಿಂದ ಬಂದೀರಿ ಸಾಮಿ? ಕರೆಂಟ್ ತೆಗೆಯೋ ಗಾಳಿ ಫ್ಯಾನಿಂದಾ?”

“ಯಾವ ಕಂಪ್ನೀನೂ ಇಲ್ಲ.”

“ಹಂಗಾರೆ ಸಂಬಳ?”

“ಸಂಬಳಾನೂ ಇಲ್ಲ.”

ಅನುಮಾನ ಇನ್ನೂ ಜಾಸ್ತಿಯಾಯಿತು! ಮಾವನಿಗೆ ರೇಗಿತು. “ಅಲ್ಲಿ ಬಂಡೆ ಮ್ಯಾಲೆ ಬರೆಸಿದ್ನಲ್ಲ ಅಶೋಕ, ಅವನ್ನ ಯಾವ ಕಂಪ್ನಿ ಕಳ್ಸಿತ್ತು?”

ಕುರಿ ಕಾಯುವ ಅಜ್ಜ ಮೊಪೆಡ್ಡನ್ನು ಮೇಲಿಂದ ಕೆಳಗಿನವರೆಗೂ ನೋಡಿ, “ಅವ್ನು ರಾಜ, ಸಾಮಿ. ನೀವು ಇದ್ರಾಗೆ ಬಂದೀರಿ” ಎಂದನಂತೆ. ಪಕ್ಕದಲ್ಲಿದ್ದ ಅಜ್ಜಿ ಮಾತ್ರ ವ್ಯವಹಾರ ಬಲ್ಲವಳು. ಫೋನಿನ ಗೆರೆಗಳನ್ನು ಬಗ್ಗಿ ನೋಡಿ ಮೆಲ್ಲಗೆ ಕೇಳಿದಳಂತೆ: “ಆ ರಸ್ತೇನ ಒಂಚೂರು ನಮ್ ಮನೆ ಕಡೀಕೆ ಎಳೀರಿ ಸಾಮಿ, ನಿಮ್ಗೆ ಪುಣ್ಯ ಬರ್ತದೆ.”

ನಕ್ಷೆ ಸಿದ್ಧವಾಯಿತು. ಇನ್ನು ಧ್ವನಿ. ಇಂಥ ಜಾಗ ಬಂದಾಗ ಇಂಥ ಮಾತು ನುಡಿ ಎಂದು ಹೇಳಿಟ್ಟರೆ ನುಡಿಯುವ ಇನ್ನೊಂದು ಮುಕ್ತ ಸರಕು ಹುಡುಕಿ, ಮಾವ ತಮ್ಮದೇ ಕಂಠದಲ್ಲಿ ದಾರಿಯನ್ನೆಲ್ಲ ಹೇಳಿ ತುಂಬಿಸಿದರು. ಅತ್ತೆ ನಮ್ಮ ಬೀದಿಯ ಕೊನೆ ಮುಟ್ಟುವಷ್ಟರಲ್ಲೇ ಅದನ್ನು ಆರಿಸಿ ವಾಪಸು ಬಂದರು. “ಮನೇಲೂ ಇವ್ರದ್ದೇ, ದಾರೀಲೂ ಇವ್ರದ್ದೇನಾ? ನಾನ್ಯಾವತ್ತು ಇವ್ರ ಮಾತು ಕೇಳೀನಿ, ಈವತ್ತು ಕೇಳಾಕೆ?”

ನ್ಯಾಯವಾದ ಪ್ರಶ್ನೆ! ಮಾವ ಒಂದು ದಿನವಿಡೀ ಯೋಚಿಸಿದರು. ಮರುದಿನ ಬೆಳಿಗ್ಗೆ, “ನಿನಗೆ ದಾರಿ ನೀನೇ ಹೇಳ್ಕೊ. ನಿನ್ ಮಾತಾದ್ರೂ ಕೇಳ್ತೀಯೋ ಇಲ್ವೋ?” ಎಂದರು. ಅತ್ತೆ, “ನಂದಾದ್ರೆ ಕೇಳ್ತೀನಿ” ಎಂದರು.

ಅತ್ತೆಯ ಮನಸ್ಸು ತಿಳಿಯಾಗಿದ್ದ ಒಂದು ದಿನ ಮೂವರೂ ಮೊಳಕಾಲ್ಮುರಿಗೆ ಹೋದೆವು. ಬಸ್ ಸ್ಟ್ಯಾಂಡಿನಿಂದ ಅತ್ತೆ ಮುಂದೆ, ಅವರ ಮಾತು ರೆಕಾರ್ಡ್ ಮಾಡಲು ಫೋನು ಹಿಡಿದು ಮಾವ ಪಕ್ಕದಲ್ಲಿ, ನಾನು ಹಿಂದೆ. ಅತ್ತೆ ತಮಗೆ ತಾವೇ ಹೇಳಿಕೊಳ್ಳುತ್ತ ನಡೆದರು. “ನೇರ ಹೋಗೇ, ಆ ಕಡೆ ಈ ಕಡೆ ನೋಡ್ಬ್ಯಾಡ... ನಲ್ಲಿ ಬಂತಾ? ಹಂಗೇ ಮುಂದೆ...” ಗ್ಯಾರೇಜಿನ ಎದುರಿಗೆ ಬಂದಾಗ ನಿಂತರು. “ಇಲ್ಲಿ ಸಿನಿಮಾ ಟೆಂಟ್ ಐತಲ್ಲ, ಇದ್ರ ಹತ್ರ ಎಡಕ್ಕೆ ತಿರುಗೇ.”

ಅಲ್ಲಿ ಟೆಂಟಿರಲಿಲ್ಲ. ನಾನು ಚಿಕ್ಕವಳಾಗಿದ್ದಾಗಲೇ ಅದನ್ನು ಎತ್ತಿದ್ದರು. ಮೊನ್ನೆ ಮೊನ್ನೆಯವರೆಗೆ ಬಯಲಾಗಿದ್ದ ಜಾಗದಲ್ಲಿ ಈಗ ಗಾಜಿನ ಮುಖದ ದೊಡ್ಡ ಕಟ್ಟಡ ಎದ್ದಿದೆ. ಅಂದು ಅತ್ತೆ ಯಾಕೆ ಇಲ್ಲೇ ದಾರಿ ತಪ್ಪಿ ಕೂತರು ಎಂದು ನನಗೆ ಆಗ ಹೊಳೆಯಿತು. ಅವರು ಟೆಂಟನ್ನು ಹುಡುಕುತ್ತಿದ್ದರು! ಸರಿಪಡಿಸೋಣ ಎಂದು ನಾನು ಬಾಯಿ ತೆರೆದೆ. ಮಾವ ನನ್ನ ಮುಂಗೈ ಹಿಡಿದರು. ಇಲ್ಲದ್ದನ್ನು ಬರೆಯಬಾರದು ಎನ್ನುತ್ತಿದ್ದ ಅದೇ ಮಾವ, “ಹೂಂ, ಟೆಂಟ್ ಹತ್ರ ಎಡಕ್ಕೆ. ಆಮ್ಯಾಲೆ?” ಎಂದು ತಮ್ಮ ಫೋನಿನಲ್ಲಿ ಆ ಜಾಗಕ್ಕೆ ‘ಟೆಂಟ್’ ಎಂದೇ ಗುರುತು ಹಾಕಿದರು.

ಮುಂದಿನ ಸೋಮವಾರ ಅತ್ತೆ ಒಬ್ಬರೇ ಹೊರಟರು. ಯಾರೂ ಹಿಂದೆ ಬರಬಾರದು, ಸುಮ್ಮಸುಮ್ಮನೆ ಫೋನು ಮಾಡಬಾರದು ಎಂಬ ಷರತ್ತು. ಅತ್ತೆ ಎಲ್ಲಿದ್ದಾರೆ ಎಂದು ತೋರಿಸುವ ನೀಲಿ ಚುಕ್ಕೆಯನ್ನು ಮಾವನೂ ನಾನೂ ಕಟ್ಟೆಯ ಮೇಲೆ ಕೂತು ನೋಡತೊಡಗಿದೆವು. ಚುಕ್ಕೆ ಮೊಳಕಾಲ್ಮುರು ಮುಟ್ಟಿತು. ಇಳಿಯಿತು. ನಲ್ಲಿ ದಾಟಿತು. ಟೆಂಟಿನ ಹತ್ತಿರ ಬಂದು ನಿಂತುಬಿಟ್ಟಿತು.

ನಿಂತೇ ಇತ್ತು. ನಾನು ಕಾಫಿ ತಂದುಕೊಟ್ಟೆ. ಕಾಫಿ ಆರಿತು, ಚುಕ್ಕೆ ಕದಲಲಿಲ್ಲ. ಮಾವ ಎದ್ದು ಹೆಲ್ಮೆಟ್ ಹಾಕಿಕೊಂಡರು. ಆ ಮೊಪೆಡ್ಡಿನಲ್ಲಿ ಹೊರಟಿದ್ದರೆ ಕತ್ತಲಾಗುವ ಹೊತ್ತಿಗೆ ತಲುಪುತ್ತಿದ್ದರೇನೋ! “ಇನ್ನೊಂಚೂರು ನೋಡೋಣ ಮಾವ” ಎಂದೆ. ಹೆಲ್ಮೆಟ್ ತೆಗೆಯದೆ ಹಾಗೇ ಕೂತರು. ಗಾಜಿನೊಳಗಿನ ಅವರ ಕಣ್ಣುಗಳನ್ನು ನಾನು ನೋಡಲು ಹೋಗಲಿಲ್ಲ.

ಚುಕ್ಕೆ ಕದಲಿತು. ಎಡಕ್ಕೆ!

ಸ್ವಲ್ಪ ಹೊತ್ತಿಗೆ ಅತ್ತೆಯ ಅಕ್ಕನ ಫೋನು, ಅರ್ಧ ತೆಲುಗು, ಅರ್ಧ ಕನ್ನಡ. “ವಚ್ಚಿಂದಪ್ಪಾ, ವಚ್ಚಿಂದಿ! ಬಂದ್ಳು. ಗ್ಯಾರೇಜ್ ಸಾಬ್ರಿಗೆ ಅರ್ಧ ಮಂಡಕ್ಕಿ ಕೊಟ್ಟು, ಚಾ ಕುಡ್ಕೊಂಡು ಬಂದಾಳೆ. ಅಕ್ಕನಿಗೆ ಬರೀ ಅರ್ಧ! ನೀನೇ ಹೇಳು, ಇದು ನ್ಯಾಯನಾ?” ಮಾವ ಹೆಲ್ಮೆಟ್ಟಿನೊಳಗಿಂದಲೇ, “ನ್ಯಾಯ ಅಲ್ಲ ಬಿಡ್ರಿ, ನ್ಯಾಯಾನೇ ಅಲ್ಲ” ಎಂದು ನಗುತ್ತಿದ್ದರು.

ಸಂಜೆ ಅತ್ತೆ ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಖಾಲಿ ಚೀಲ ಬೀಸಿಕೊಂಡು, ಸ್ವಲ್ಪ ಜಂಬದಿಂದಲೇ ಬರುತ್ತಿದ್ದರು. ಮಾವ ಕಟ್ಟೆಯ ಮೇಲೇ ಕೂತಿದ್ದರು. ಅತ್ತೆ ಗೇಟು ಮುಟ್ಟಿದರು. ಆಗ ಅವರ ಸೊಂಟದ ಚೀಲದೊಳಗಿನಿಂದ ಫೋನು ನುಡಿಯಿತು. ಅತ್ತೆಯ ದನಿಯಲ್ಲ, ಮಾವನ ದನಿ.

“ಬಂದ್ಯಾ? ಬಾ.”

“ಬಂದೆ ಕಣ್ರೀ” ಎಂದರು ಅತ್ತೆ. ಫೋನಿಗೆ ಹೇಳಿದರೋ, ಮಾವನಿಗೋ? ಫೋನಿಗೆ ಎಂದು ನನ್ನ ದಿನಚರಿಯಲ್ಲಿದೆ. ಇಲ್ಲ, ಮಾವನ ಮುಖ ನೋಡಿಯೇ ಹೇಳಿದರು ಎಂದು ನನ್ನ ನೆನಪು. ಈ ಒಂದು ಸಲ ನೆನಪನ್ನೇ ನಂಬೋಣ ಅನ್ನಿಸುತ್ತದೆ.

ಅತ್ತೆ ಒಳಗೆ ಹೋದ ಮೇಲೆ ಮಾವನನ್ನು ಛೇಡಿಸಿದೆ. “ನಿಮ್ಮ ದನಿ ಬೇಡವೇ ಬೇಡ ಅಂದಿದ್ರಲ್ಲ ಅತ್ತೆ? ಕದ್ದು ಸೇರಿಸಿದ್ರಾ?”

ಮಾವ ಒಗೆದ ಟವೆಲಿನಿಂದ ಹೆಲ್ಮೆಟ್ಟಿನ ಗಾಜನ್ನು ಒರೆಸುತ್ತ ಕೂತಿದ್ದರು. ಒರೆಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

“ಅವ್ಳೇ ಹಾಕಿಸಿದ್ಲು ಕಣಮ್ಮ. ದಾರೀಲಿ ಬ್ಯಾಡ, ಬಾಗ್ಲಾಗೆ ಬೇಕು ಅಂದ್ಲು.”