ವಿಭೂತಿ ಹಚ್ಚಿದ ಗಾಳಿಬಟ್ಟಲು

ಸುಮ್ಮನೆ ಕೂತಿರುವವರನ್ನು ಕಂಡರೆ ಲೋಕಕ್ಕೆ ಆಗುವುದಿಲ್ಲ. ಆದರೆ ಕೂತವನ ನೆತ್ತಿಯ ಮೇಲೆ ಗಾಳಿ ಎಷ್ಟು ಭಾರ ಹಾಕಿಕೊಂಡು ಕೂತಿದೆ ಎಂದು ಯಾರೂ ಯೋಚಿಸುವುದಿಲ್ಲ. ನಾನು ಯೋಚಿಸಿದವನು. ಎಂಬತ್ತರ ದಶಕದ ಆರಂಭದಲ್ಲಿ ತುಮಕೂರಿನ ಒಂದು ಸಣ್ಣ ಕನ್ನಡಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದಾಗ, ಅದಕ್ಕೇ ನನಗೆ ಸಂಬಳ ಕೊಡುತ್ತಿದ್ದರು ಎಂದರೂ ತಪ್ಪಿಲ್ಲ.

ನನ್ನ ಮಾತು ನಂಬಿ ಯಜಮಾನರು ಬೆಂಗಳೂರಿನಿಂದ ಗಾಜು ಎತ್ತುವ ಹಳೆಯ ಯಂತ್ರವೊಂದನ್ನು ತರಿಸಿದ್ದರು. ಅದರ ತೋಳಿಗೆ ಗೇಣಗಲದ ನಾಲ್ಕು ರಬ್ಬರ್ ಬಟ್ಟಲುಗಳು. ಗಾಜಿಗೆ ಒತ್ತಿ, ಪಂಪಿನಿಂದ ಒಳಗಿನ ಗಾಳಿ ತೆಗೆದರೆ ಕಚ್ಚಿಕೊಳ್ಳುತ್ತವೆ. ಹಿಡಿಯುವುದು ಬಟ್ಟಲಲ್ಲ, ಹೊರಗಿನ ಗಾಳಿಯೇ ಬಂದು ಒತ್ತುವುದು ಎಂದು ಪುಸ್ತಕದಲ್ಲಿ ಓದಿದ ದಿನದಿಂದ ನಾನು ನೆಲದ ಮೇಲೆ ಇರಲಿಲ್ಲ. ಮನೆಯಲ್ಲಿ ಲೋಟವನ್ನು ಬಾಯಿಗೆ ಕವುಚಿ ಉಸಿರೆಳೆದು, ಅಂಟಿಸಿಕೊಂಡೇ ಕೂರುತ್ತಿದ್ದೆ. ಅಂಗಳದಲ್ಲಿ ಚಾಪೆ ಹಾಸಿ ಮಲಗಿ, ಬೆಳ್ಳಾವಿ ಕಡೆಯಿಂದ ತೇಲಿ ಬರುವ ಮೋಡಗಳಿಗೂ ನನ್ನ ಎದೆಗೂ ನಡುವೆ ಇರುವ ಗಾಳಿಯನ್ನು ಮನಸ್ಸಿನಲ್ಲೇ ತಕ್ಕಡಿಗೆ ಹಾಕುತ್ತಿದ್ದೆ. "ಅಕ್ಕಿ ಆರ್ಸ್ಕೊಡಿ ಅಂದ್ರೆ ಆಕಾಶ ತೂಗ್ತಾ ಮಲಗಿದೀರಲ್ರೀ!" ಎಂದು ಹೆಂಡತಿ ಸರೋಜ ಮೊರವನ್ನು ತಂದು ಎದೆಯ ಮೇಲೇ ಇಟ್ಟಳು. ಮೊರದ ಭಾರ ಗೊತ್ತಾಯಿತು, ಗಾಳಿಯದು ಗೊತ್ತಾಗಲಿಲ್ಲ. ಎಂಥ ಸೋಜಿಗ!

ಆ ವರ್ಷದ ವಿಜಯದಶಮಿಯಂದು ಗುಬ್ಬಿಯ ಹೊಸ ಸೀರೆ ಅಂಗಡಿಗೆ ಆಳೆತ್ತರ ಮೀರಿದ ಕನ್ನಡಿಯೊಂದು ಹೋಗಬೇಕಿತ್ತು. ಅಂಥ ಗಾಜು ನಮ್ಮಲ್ಲಿ ಅದೊಂದೇ. ಮಾರನೆಯ ಬೆಳಿಗ್ಗೆಯೇ ಅಂಗಡಿಯ ಪೂಜೆ. ಯಜಮಾನರು ಕರೆದು, "ನೋಡಿ, ಇದು ಒಡೀತು ಅಂದ್ರೆ ಮಿಷನ್ನು ಗುಜರಿಗೆ, ಅದನ್ನ ತರ್ಸಿದ ನೀವು ಮನೆಗೆ" ಎಂದರು, ನಗುತ್ತಲೇ. ಅವರು ನಗುತ್ತ ಹೇಳಿದ್ದನ್ನೆಲ್ಲ ಮಾಡಿ ತೋರಿಸಿದ್ದುಂಟು.

ನಾನು ಲೆಕ್ಕಕ್ಕೆ ಕೂತೆ. ಪುಸ್ತಕ ಬರೆದವರು ಸಮುದ್ರದ ಪಕ್ಕದವರು. ನಮ್ಮ ತುಮಕೂರು ಎತ್ತರದಲ್ಲಿದೆ, ಇಲ್ಲಿನ ಗಾಳಿ ಕೊಂಚ ತೆಳು. ಅದನ್ನು ಕಳೆದೆ. ಪಂಪು ಮುದುಕ, ಅದನ್ನೂ ಕಳೆದೆ. ನಾಲ್ಕು ಬಟ್ಟಲೂ ಸೇರಿ ಆರುನೂರ ಎಂಬತ್ತು ಕೆ.ಜಿ. ಬಲ ಬಂತು. ನಿಲ್ಲಿಸಿ ಎತ್ತುವಾಗ ಗಾಜು ಜಾರುತ್ತದೆಂದು ಅರ್ಧ ಮಾಡಿದೆ. ಭಯಕ್ಕೆಂದು ನಾಲ್ಕರಿಂದ ಭಾಗಿಸಿದೆ. ಉಳಿದದ್ದು ಎಂಬತ್ತೈದು. ಕನ್ನಡಿಯ ತೂಕ ಎಂಬತ್ತರೊಳಗೆ. "ಎತ್ತಬಹುದು," ಎಂದೆ.

ಎತ್ತಿದೆವು. ಕೆಳಗೆ ಹಾಸಿದ್ದ ಗೋಣಿಚೀಲದಿಂದ ನಾಲ್ಕು ಬೆರಳು ಮೇಲೆ ಬಂದಿತ್ತಷ್ಟೆ, ಎಲ್ಲೋ ಸುಯ್ ಎಂದಿತು. ಪಂಪಿನ ಮೀಟರಿನ ಮುಳ್ಳು ಇಳಿಯತೊಡಗಿತು. ಕನ್ನಡಿ ನಿಧಾನವಾಗಿ ಜಾರಿತು. "ಇಳ್ಸು, ಇಳ್ಸು!" ಎಂದು ಕೂಗಿಕೊಂಡೆ. ಪುಣ್ಯಕ್ಕೆ ಒಡೆಯಲಿಲ್ಲ.

ಬಗ್ಗಿ ನೋಡಿದರೆ ನಾಲ್ಕೂ ಬಟ್ಟಲುಗಳ ಒಳಗೆ, ಗಾಜಿಗೆ ಒತ್ತುವ ಅಂಚಿನವರೆಗೆ ದಪ್ಪನಾದ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಹಿಂದಿನ ದಿನವಷ್ಟೇ ಆಯುಧಪೂಜೆ. ನಿಟ್ಟೂರಿನಿಂದ ದಿನಾ ರೈಲಿನಲ್ಲಿ ಬರುವ ನಮ್ಮ ಫಿಟ್ಟರ್ ರುದ್ರಣ್ಣ ಸ್ಪ್ಯಾನರಿನಿಂದ ಹಿಡಿದು ಫ್ಯಾನಿನವರೆಗೆ ಒಂದನ್ನೂ ಬಿಟ್ಟಿರಲಿಲ್ಲ. ಆ ಬೂದಿಯ ಸಂದಿನಲ್ಲೇ ಗಾಳಿ ಒಳನುಗ್ಗಿತ್ತು.

"ಒರೆಸು ರುದ್ರಣ್ಣ."

"ಏನ್ ಸಾಮಿ ನೀವು! ಪೂಜೆ ಮಾಡಿದ್ದನ್ನ ಒರೆಸ್ತಾರಾ? ನನ್ ಕೈಲಾಗಕಿಲ್ಲ ಬುಡಿ."

"ಕನ್ನಡಿ ಬಿದ್ರೆ ನಾನು ಮನೆಗೆ ಕಣೋ."

"ಒರೆಸಿದ್ರೆ ಎಲ್ರೂ ಕೈಲಾಸಕ್ಕೆ!"

ಕೊನೆಗೆ ಒದ್ದೆ ಬಟ್ಟೆ ಹಿಡಿದು ನಾನೇ ಒರೆಸಿದೆ. ರುದ್ರಣ್ಣ ಅಷ್ಟು ಹೊತ್ತೂ ಕಣ್ಣು ಮುಚ್ಚಿ ನಿಂತಿದ್ದ. ಆಮೇಲೆ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು, "ಬಟ್ಲಿಗೆ ಬ್ಯಾಡ ಅಂದ್ರೆ ಲೆಕ್ಕ ಹಾಕ್ದೋರಿಗಾದ್ರೂ ಇರ್ಲಿ" ಎಂದು ನನ್ನ ಹಣೆಗೆ ಕಿವಿಯಿಂದ ಕಿವಿಗೆ ಎಳೆದ. ಪಂಪು ಗುನುಗಿತು. ಮುಳ್ಳು ಏರಿ ನಿಂತಿತು. ಕನ್ನಡಿ ಹಗುರಾಗಿ, ಕೆರೆಯೊಂದು ಎದ್ದು ನಿಂತ ಹಾಗೆ ಮೇಲೆ ಬಂತು. ಅದರೊಳಗೆ ಕಿಟಕಿ, ಕಿಟಕಿಯಾಚೆಯ ಬಿಸಿಲು, ಬಾಯಿ ತೆರೆದು ನಿಂತ ಬೂದಿಹಣೆಯ ನಾನು, ಎಲ್ಲವೂ ತೇಲುತ್ತ ಲಾರಿ ಹತ್ತಿದವು.

ಗಾಜು ಎತ್ತಿದ್ದು ಒದ್ದೆ ಬಟ್ಟೆ ಎಂದು ಎಷ್ಟು ಹೇಳಿದರೂ ಯಾರೂ ಒಪ್ಪಲಿಲ್ಲ. ಅಂದಿನಿಂದ ದೊಡ್ಡ ಗಾಜು ಬಂತೆಂದರೆ ರುದ್ರಣ್ಣ, "ಲೆಕ್ಕ ಆಮ್ಯಾಕ್ ನೋಡ್ಕಳಣ, ಮೊದ್ಲು ಹಣೆ ತೋರ್ಸಿ ಸಾಮಿ" ಎನ್ನುತ್ತಿದ್ದ. ಅವನ ಸಮಾಧಾನಕ್ಕೆಂದು ತೋರಿಸುತ್ತಿದ್ದೆ. ಒಂದು ದಿನ ಅವನು ಕುಣಿಗಲ್ಲಿಗೆ ಮದುವೆಗೆಂದು ರಜಾ ಹಾಕಿದ. ಲೆಕ್ಕ ಸರಿಯಿತ್ತು, ಬಟ್ಟಲು ಶುಭ್ರವಾಗಿತ್ತು, ಮುಳ್ಳು ನೆಟ್ಟಗಿತ್ತು. ಆದರೂ ಗಾಜನ್ನು ನಾಳೆ ಎತ್ತೋಣ ಎಂದವನು ನಾನೇ.