ಬಹುವಚನದ ಭಯ

ನಮ್ಮ ಹಾಕಿ ಕೋಚ್ ಬಾಯಲ್ಲಿ ಮರ್ಯಾದೆ ಬಂತೆಂದರೆ ಮುಗಿಯಿತು, ಆ ಹುಡುಗಿ ಸ್ಟಿಕ್ ಮೂಲೆಗಿಟ್ಟು ಹೊಲಿಗೆ ಕ್ಲಾಸಿಗೆ ಸೇರಿಕೊಳ್ಳಬಹುದು! ಉತ್ಪ್ರೇಕ್ಷೆ ಎನ್ನುತ್ತೀರಾ? ತೊಂಬತ್ತರ ದಶಕದಲ್ಲಿ ಹಲಸೂರು ಕೆರೆಯ ಹತ್ತಿರದ ಆ ಮಣ್ಣಿನ ಮೈದಾನದಲ್ಲಿ ಆಡಿದ ಯಾರನ್ನಾದರೂ ಕೇಳಿ ನೋಡಿ. ಸಾರ್ ಬೈದರೆ ನಾವು ಹಲ್ಲು ಕಿರಿಯುತ್ತಿದ್ದೆವು. ಸಾರ್ "ಬನ್ನಿ, ಕೂತ್ಕೊಳ್ಳಿ" ಎಂದರೆ ಎದೆ ಧಸಕ್ಕೆನ್ನುತ್ತಿತ್ತು.

ಅವರ ಕಾನೂನು ಸರಳ. ಯಾರಲ್ಲಿ ಆಟ ಇದೆಯೋ ಅವಳಿಗೆ ಏಕವಚನ, ಜೊತೆಗೊಂದು ಪ್ರಾಣಿ. ಯಾರಿಂದ ಏನೂ ಆಗುವುದಿಲ್ಲವೆಂದು ತೀರ್ಮಾನವಾಯಿತೋ ಅವಳಿಗೆ ಬಹುವಚನ. ಪ್ರಾಣಿಗಳಲ್ಲೂ ಮೇಲುಕೀಳು ಇತ್ತು. ಹೊಸದಾಗಿ ಸೇರಿದವಳು ಎಮ್ಮೆ. ಸ್ವಲ್ಪ ಕಾಲಾಡಿಸಲು ಕಲಿತರೆ ಕತ್ತೆ. ಎಲ್ಲಕ್ಕಿಂತ ದೊಡ್ಡ ಪದವಿ ಕೋತಿ. ಅದು ನಮ್ಮ ಕ್ಯಾಪ್ಟನ್ನಿಗೆ ಮಾತ್ರ ಸಿಕ್ಕಿತ್ತು. ನಾನು ಎಮ್ಮೆಯಿಂದ ಕತ್ತೆಗೆ ಬಡ್ತಿ ಪಡೆದ ದಿನ ಮನೆಗೆ ಓಡಿಬಂದು ಸುದ್ದಿ ಹೇಳಿದರೆ ಅಮ್ಮ, "ಇದಕ್ಕೇನೇ ನಿನ್ನ ಕತ್ತಲಲ್ಲೇ ಎಬ್ಬಿಸಿ ಕಳಿಸ್ತಿರೋದು?" ಎಂದಳು. ಅವಳಿಗೇನು ಗೊತ್ತು ಕತ್ತೆಯ ಬೆಲೆ!

ಸಾರ್ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ರಾತ್ರಿ ಪಾಳಿ ಮುಗಿಸಿ, ಎಣ್ಣೆ ಮೆತ್ತಿದ ಅಂಗಿಯಲ್ಲೇ ಸೈಕಲ್ ತುಳಿದು ಮೈದಾನಕ್ಕೆ ಬರುತ್ತಿದ್ದರು. ಆಟ ಹೇಳಿಕೊಡುವಾಗ ಕನ್ನಡ. ಕೋಪ ನೆತ್ತಿಗೇರಿದಾಗ ಮನೆಮಾತಾದ ತಮಿಳಿನಲ್ಲಿ "ಓಡು ಡೀ, ಓಡು!" ಗೋಡೆ ಹತ್ತಿ ಕೂತ ಪೋಕರಿಗಳನ್ನು ಓಡಿಸುವಾಗ ದಖನಿ ಉರ್ದು. ಹೊಗಳುವುದಕ್ಕೆ ಮಾತ್ರ ಅವರ ಬಳಿ ಯಾವ ಭಾಷೆಯೂ ಇರಲಿಲ್ಲ. ನನ್ನ ಸಂಕಟವೇ ಅದು. "ಚೆನ್ನಾಗಿ ಹೊಡೆದೆ ಕಣೇ" ಎಂಬ ಒಂದೇ ಒಂದು ಮಾತು ಅವರ ಬಾಯಿಂದ ಕೇಳಬೇಕೆಂಬ ಆಸೆ ನನ್ನನ್ನು ಹಗಲೂ ರಾತ್ರಿ ಕಾಡುತ್ತಿತ್ತು.

ಒಮ್ಮೆ ಶಿವಾಜಿನಗರದ ತಂಡದ ಮೇಲೆ ಕೊನೇ ಗಳಿಗೆಯಲ್ಲಿ ಗೋಲು ಹೊಡೆದೆ. ಗೆಳತಿಯರು ನನ್ನನ್ನು ಎತ್ತಿ ಕುಣಿದರು. ನಾನು ಬಿಡಿಸಿಕೊಂಡು ಸೀದಾ ಸಾರ್ ಎದುರು ಹೋಗಿ ನಿಂತೆ. ಮುಖವನ್ನು ಹೊಗಳಿಕೆಗೆ ಸಿದ್ಧ ಮಾಡಿಕೊಂಡೇ ನಿಂತಿದ್ದೆ!

"ಏನೇ?" ಎಂದರು ಸಾರ್.

"ಗೋಲ್ ಸಾರ್."

"ನಾನೇನು ಕುರುಡನಾ? ಅದನ್ನ ಫಸ್ಟ್ ಹಾಫಲ್ಲೇ ಹೊಡೆಯೋಕೆ ಏನಾಗಿತ್ತು ರೋಗ? ಕತ್ತೆ!"

ಮನೆಗೆ ಬಂದು ಇದನ್ನು ಹೇಳಿಕೊಂಡು ಅತ್ತಾಗ ಅಮ್ಮನ ಸಹನೆ ಮುಗಿಯಿತು. ಮರುದಿನ ಸೆರಗು ಸಿಕ್ಕಿಸಿಕೊಂಡು ಮೈದಾನಕ್ಕೇ ಬಂದಳು. "ಏನ್ರೀ, ಬೆಳೆದ ಹುಡುಗೀನ ಹತ್ತು ಜನರ ಮುಂದೆ ಕತ್ತೆ ಅಂತೀರಲ್ಲ, ನಿಮಗೇನು ಮರ್ಯಾದೆ ಗೊತ್ತಿಲ್ವಾ?" ಎಂದು ತರಾಟೆಗೆ ತೆಗೆದುಕೊಂಡಳು. ಸಾರ್ ಕೈಮುಗಿದರು. "ತಪ್ಪಾಯ್ತಮ್ಮಾ. ಇನ್ಮೇಲೆ ಮರ್ಯಾದೆಯಿಂದಾನೇ ಮಾತಾಡಿಸ್ತೀನಿ."

ಕೊಟ್ಟ ಮಾತು ಉಳಿಸಿಕೊಂಡರು, ಪುಣ್ಯಾತ್ಮ! ಮಾರನೆಯ ಬೆಳಗ್ಗೆ ನಾನು ಬಂದ ಕೂಡಲೇ, "ಬನ್ನಿ. ಸುಸ್ತಾಗಿದ್ರೆ ಕೂತ್ಕೊಳ್ಳಿ" ಎಂದರು. ಚೆಂಡು ಬಿಟ್ಟರೆ, "ಇರ್ಲಿ ಬಿಡಿ." ತಪ್ಪು ಪಾಸ್ ಕೊಟ್ಟರೆ, "ಇರ್ಲಿ ಬಿಡಿ." ಗೆಳತಿಯರು ನನ್ನನ್ನು ಸಾವಾದ ಮನೆಯವರನ್ನು ನೋಡುವ ಹಾಗೆ ನೋಡಿದರು.

ರೋಷದಿಂದ ಇಂದಿರಾನಗರದ ಇನ್ನೊಬ್ಬ ಕೋಚ್ ಹತ್ತಿರ ಹೋದೆ. ಬಿಳಿ ಬೂಟು, ಕೊರಳಲ್ಲಿ ಸೀಟಿ, ಬಾಯಿ ತುಂಬ ಇಂಗ್ಲಿಷ್. ಅಲ್ಲಿ ಹೊಗಳಿಕೆಗೆ ಬರವೇ ಇಲ್ಲ. ಹೊಡೆದರೆ "ಎಕ್ಸಲೆಂಟ್!" ತಪ್ಪಿದರೆ "ವೆಲ್ ಟ್ರೈಡ್!" ಚೆಂಡು ಚರಂಡಿಗೆ ಬಿದ್ದಾಗಲೂ "ಗುಡ್ ಪವರ್!" ಮೊದಲ ದಿನ ಗಾಳಿಯಲ್ಲಿ ತೇಲಾಡಿದೆ. ವಾರದೊಳಗೆ ಗೊತ್ತಾಯಿತು, ಅವರು ನನ್ನ ಆಟ ನೋಡುತ್ತಲೇ ಇರಲಿಲ್ಲ. ಗೇಟಿನ ಬಳಿ ನಿಂತ ಅಪ್ಪ ಅಮ್ಮಂದಿರನ್ನು ನೋಡುತ್ತಿದ್ದರು. ನಮ್ಮ ಸಾರ್ ಬೈಗುಳದಲ್ಲಿ ನನ್ನ ಮೊಣಕೈ ಇರುತ್ತಿತ್ತು, ನನ್ನ ಹಿಮ್ಮಡಿ ಇರುತ್ತಿತ್ತು, ನಾನು ಏನೂ ತಿನ್ನದೆ ಬಂದದ್ದೂ ಇರುತ್ತಿತ್ತು. ಹಾಗೆಂದು ಬೈಗುಳವೇ ದೊಡ್ಡ ವಿದ್ಯೆ ಎನ್ನಲಾರೆ. ಅದಕ್ಕೆ ಹೆದರಿ ಸ್ಟಿಕ್ ಬಿಸಾಡಿ ಹೋದವರೂ ಇದ್ದರು. ಇಂದಿರಾನಗರದ ಒಳ್ಳೆಯ ಮಾತಿನಲ್ಲಿ ಅರಳಿದವರೂ ಇದ್ದರು. ನನ್ನ ಹಣೆಬರಹಕ್ಕೆ ಕತ್ತೆಯೇ ಬೇಕಾಗಿತ್ತು!

ನಾನು ಊಟ ಬಿಟ್ಟೆ. ಕೊನೆಗೆ ಅಮ್ಮನೇ ನನ್ನ ಕೈ ಹಿಡಿದು ಎಳೆದುಕೊಂಡು ಹಳೆಯ ಮೈದಾನಕ್ಕೆ ಹೋಗಿ, ತಗ್ಗಿದ ದನಿಯಲ್ಲಿ, "ಸಾರ್, ಇವಳಿಗೆ ಸ್ವಲ್ಪ ಬೈದ್ಬಿಡಿ" ಎಂದಳು.

ಸಾರ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಲೇಸ್ ಕಟ್ಟೋಕೆ ಬರಲ್ಲ, ರೋಷ ಬೇರೆ! ಓಡೇ ಕತ್ತೆ!"

ಅಬ್ಬಾ! ಓಡಿದೆ ನೋಡಿ, ಅಷ್ಟು ಸುಖವಾಗಿ ಜೀವನದಲ್ಲಿ ಮತ್ತೆಂದೂ ಓಡಿಲ್ಲ.

ಆಮೇಲೆ ಕಾಲೇಜು, ಕೆಲಸ, ಮದುವೆ. ಸ್ಟಿಕ್ ಅಟ್ಟ ಸೇರಿತು, ನಾನು ಕೆ.ಆರ್. ಪುರ ಸೇರಿದೆ. ಸಾರ್ ಬಾಯಿಂದ ಆ ಒಂದು ಮಾತು ಕೊನೆಗೂ ಬರಲಿಲ್ಲ. ಆಫೀಸಿನಲ್ಲಿ ಈಗ ಎಲ್ಲರೂ ಮೇಡಂ ಎನ್ನುತ್ತಾರೆ, ಮಾತಿಗೆ ಮುಂಚೆ "ಸೂಪರ್" ಎನ್ನುತ್ತಾರೆ. ಯಾರೂ ನನ್ನ ಮೊಣಕೈ ನೋಡುವುದಿಲ್ಲ. ಹೀಗೆ ಮೇಡಂ ಆಗಿ ಕೂತ ಎಷ್ಟೋ ಮಧ್ಯಾಹ್ನಗಳಲ್ಲಿ ನನಗೆ ಸಾರ್ ನೆನಪಾಗುತ್ತಿದ್ದರು.

ಹಲಸೂರಿನಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲಕ್ಕೆ ಒಂದು ಸಂಜೆ ನನ್ನ ಬಸ್ಸು ಅಲ್ಲೇ ಸಿಕ್ಕಿಹಾಕಿಕೊಂಡಿತು. ಆಫೀಸಿನ ಬ್ಯಾಗು ಹೆಗಲಿಗೇರಿಸಿ ಇಳಿದು ಮೈದಾನದತ್ತ ನಡೆದೆ. ಸಾರ್ ಇದ್ದರು! ತಲೆ ಪೂರ್ತಿ ಬೆಳ್ಳಗಾಗಿತ್ತು. ಕಲ್ಲುಬೆಂಚಿನ ಮೇಲೆ ಕೂತು ಒಬ್ಬ ಪುಟ್ಟ ಹುಡುಗಿಗೆ, "ಸೊಂಟ ಬಗ್ಸೇ ಎಮ್ಮೆ!" ಎಂದು ಕೂಗುತ್ತಿದ್ದರು. ನಾನು ಹೆಸರು ಹೇಳುವ ಮೊದಲೇ ಗುರುತು ಹಿಡಿದು ಎದ್ದು ನಿಂತರು.

"ಬನ್ನಿ ಮೇಡಂ, ಬನ್ನಿ. ಕೂತ್ಕೊಳ್ಳಿ."

ಇಷ್ಟು ವರ್ಷದ ಮೇಲೂ ಅದೇ ಬಹುವಚನ! ನಾನು ಕೂರಲಿಲ್ಲ. "ಸಾರ್, ನಾನು ನಿಮ್ಮ ಹಳೇ ಕತ್ತೆ" ಎಂದೆ.

"ಛೆ ಛೆ! ಆಫೀಸಿಗೆ ಹೋಗೋರು, ಸಂಸಾರಸ್ಥರು. ನಿಮಗೆ ಹಾಗೆಲ್ಲ ಅನ್ನಬಾರದು" ಎಂದು ನಾಚಿಕೊಂಡರು. ಅತ್ತ ಆ ಪುಟ್ಟ ಎಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದಳು. ನಿಜ ಹೇಳುತ್ತೇನೆ, ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಯಿತು.

ಆಗ ಒಂದು ಉಪಾಯ ಹೊಳೆಯಿತು. ಅವಳ ಸ್ಟಿಕ್ ಇಸಿದುಕೊಂಡು, ಸೀರೆ ಎತ್ತಿ ಸಿಕ್ಕಿಸಿ ಮೈದಾನಕ್ಕಿಳಿದೆ. ಬೇಕೆಂದೇ ಸೊಂಟ ಬಗ್ಗಿಸದೆ, ಸ್ಟಿಕ್ ತಪ್ಪಾಗಿ ಹಿಡಿದು, ಕಣ್ಣನ್ನು ಬೇರೆಲ್ಲೋ ಇಟ್ಟು ಬೀಸಿದೆ. ಚೆಂಡು ಗೋಲಿನ ಕಡೆ ಹೋಗುವುದು ಬಿಟ್ಟು ಪಕ್ಕದ ಪೊದೆಗೆ ನುಗ್ಗಿತು. ಇಷ್ಟು ಕೆಟ್ಟ ಹೊಡೆತವನ್ನು ಸಾರ್ ಸಹಿಸುವುದುಂಟೇ? ಅವರಿಗೆ ಬೆನ್ನು ಮಾಡಿ ಬೈಗುಳಕ್ಕೆ ಕಾದೆ.

ಚಪ್ಪಾಳೆ ಕೇಳಿಸಿತು.

"ತುಂಬಾ ಚೆನ್ನಾಗಿ ಹೊಡೆದ್ರಿ ಮೇಡಂ!"

ಚೆಂಡು ಹುಡುಕುವ ನೆಪದಲ್ಲಿ ನಾನು ಆ ಪೊದೆಯಲ್ಲಿ ತುಂಬ ಹೊತ್ತು ಬಗ್ಗಿಕೊಂಡೇ ಇದ್ದೆ.