ಬಾದಾಮಿಯಷ್ಟು ಹೆದರಿಕೆ

ಅಟ್ಟದ ಮೇಲಿದ್ದ ಜೋಳದ ಹಿಟ್ಟಿನ ಡಬ್ಬಿ ಸಿಂಧನೂರಿನ ವಿರೇಶನ ನೆತ್ತಿಗೇ ಬಿತ್ತು. ಹೆಂಡತಿ ಅಶ್ವಿನಿ ಮನೆಯಲ್ಲಿದ್ದರೆ ಅವನು ಆ ಡಬ್ಬಿಗೆ ಕೈ ಹಾಕುತ್ತಲೇ ಇರಲಿಲ್ಲ. ನಾಗರಪಂಚಮಿಗೆಂದು ಲಿಂಗಸುಗೂರಿನ ತವರಿಗೆ ಹೋದವಳು ಅಲ್ಲೇ ಉಳಿದಿದ್ದಳು. ಅಳಿಯ ತಾನೇ ಬಂದು ಕರೆದರಷ್ಟೇ ಮಗಳನ್ನು ಕಳಿಸುವುದು ಅತ್ತೆ ಜಂಬಮ್ಮನ ಮನೆಯ ರೀತಿ. ಜಂಬಮ್ಮನ ಬಾಯಿಗೆ ಹೆದರಿ ವಿರೇಶ ಆ ಕಡೆ ತಲೆಯೇ ಹಾಕಿರಲಿಲ್ಲ.

ದವಾಖಾನೆಯಲ್ಲಿ ಡಾಕ್ಟರು ಸ್ಕ್ಯಾನ್ ನೋಡಿ ಹೇಳಿದರು: "ಗಾಬರಿ ಆಗಬ್ಯಾಡ. ಮೆದುಳಿನ ಒಳಗ ಬಾದಾಮಿಯಷ್ಟು ಒಂದು ಭಾಗ ಐತಿ. ಹೆದರಿಕಿ ಹುಟ್ಟಿಸೋದ ಅದು. ಏಟಿಗೆ ಅದಕ್ಕ ಜೋಂಪು ಹತ್ತಿರಬೇಕು. ಒಂದೆರಡು ದಿನದಾಗ ಎಚ್ಚರಾಗ್ತೈತಿ."

ವಿರೇಶನಿಗಂತೂ ಹಿತವಾಗಿತ್ತು. ರಸ್ತೆಯ ಗದ್ದಲ ದೂರದ ಭಜನೆಯಂತೆ ಕೇಳುತ್ತಿತ್ತು. ಆದರೆ ಉಪಕಾರಕ್ಕೆ ನಿಂತ ನೆರೆಮನೆಯವರನ್ನು ತಡೆಯುವವರುಂಟೆ? "ಬೇಟಾ, ಹೆದರಿಕಿ ಏಳೋದ್ರಾಗ ಹೋಗಿ ಅಶ್ವಿನಿನ್ನ ಕರ್ಕೊಂಡು ಬಾ! ಚಾ ಕುಡೀಬ್ಯಾಡ, ಎಚ್ಚರಾದೀತು!" ಎಂದು ಪಕ್ಕದ ಮನೆಯ ಖಾತೂನ್‌ಬೀ ಅವನ ಕೈಯ ಲೋಟ ಕಸಿದು, ಎದುರುಮನೆಯ ಯಮನೂರಪ್ಪನನ್ನು ಜೊತೆಮಾಡಿ ಬಸ್ಸು ಹತ್ತಿಸಿದಳು.

ಕಿಟಕಿಯಾಚೆ ನಾಟಿಯಾದ ಗದ್ದೆಗಳು ಹಸಿರಾಗಿ ತೇಲಿಹೋದವು. ಕಾಲುವೆಯ ನೀರಿನಲ್ಲಿ ಮೋಡಗಳು ಮೆಲ್ಲಗೆ ಸಾಗುತ್ತಿದ್ದವು. ಅವುಗಳ ನಡುವೆ ಅಶ್ವಿನಿ ಕೂತು ರೊಟ್ಟಿ ಬಡಿಯುತ್ತಿರುವಂತೆ ಕಂಡು ವಿರೇಶನ ಕಣ್ಣು ತುಂಬಿತು. ಮಸ್ಕಿ ಬಂದಾಗ ಯಮನೂರಪ್ಪ ಪರೀಕ್ಷೆಗೆಂದು ವಿರೇಶನ ಮೊಬೈಲಿನಲ್ಲಿದ್ದ ಜಂಬಮ್ಮನ ಫೋಟೊವನ್ನು ಅವನ ಮುಖದ ಮುಂದೆ ಹಿಡಿದ. ವಿರೇಶ ಮುಗುಳ್ನಕ್ಕ.

"ಇನ್ನೂ ಮಲಗೇತಿ!" ಎಂದು ಹಿಗ್ಗಿದ ಯಮನೂರಪ್ಪ ಡ್ರೈವರನತ್ತ ಕೂಗಿದ: "ಹಾರನ್ ಹೊಡೀಬ್ಯಾಡೋ ತಮ್ಮಾ, ಹೆದರಿಕಿ ಎದ್ದೀತು!" ಅಕ್ಕಪಕ್ಕದವರು ಇಬ್ಬರನ್ನೂ ನೋಡಿ ಸರಿದು ಕೂತರು. ಮಲಗಿದ ಹೆದರಿಕೆಗೂ ಟಿಕೆಟ್ ತೆಗೆಸು ಎಂದು ಕಂಡಕ್ಟರ್ ಕೇಳಲಿಲ್ಲ, ಪುಣ್ಯ.

ಲಿಂಗಸುಗೂರಿನಲ್ಲಿ ಜಂಬಮ್ಮ ಬಾಗಿಲಲ್ಲೇ ನಿಂತಿದ್ದಳು. "ಈಗ ನೆನಪಾತೇನ್ರಿ ಅಳಿಯಂದ್ರ?"

"ದಿನಾ ನೆನಪಾಗ್ತಿತ್ತು ಅತ್ತಿ. ನಿಮ್ಮ ಬಾಯಿಗೆ ಹೆದರಿ ಬಂದಿದ್ದಿಲ್ಲ. ಇವತ್ತ ಹೆದರಿಕಿ ಇಲ್ಲ. ಅಶ್ವಿನಿನ್ನ ಕಳಿಸ್ರಿ, ಆಕಿ ಇಲ್ದ ಮನಿ ಭಣಭಣ ಅಂತೈತಿ."

ಜಂಬಮ್ಮ ಬಾಗಿಲಿನಿಂದ ಪಕ್ಕಕ್ಕೆ ಸರಿದಳು. ಒಳಗೆ ತಿರುಗಿ, "ಚೀಲಾ ತುಂಬ್ಕೋವಾ ಅಶ್ವಿನಿ" ಎಂದಳು. ಯಮನೂರಪ್ಪ ತಾನೇ ಗೆದ್ದವನಂತೆ ಮೀಸೆ ತಿರುವಿದ.

ಅಶ್ವಿನಿ ಚೀಲ ಹಿಡಿದು ಹೊಸ್ತಿಲವರೆಗೆ ಬಂದಳು. ಅಲ್ಲಿ ನಿಂತು ಕೇಳಿದಳು: "ಹೆದರಿಕಿ ಇಲ್ಲಂದ್ರ... ನನ್ನ ಕಂಡ್ರೂ ಇಲ್ಲೇನ್ರಿ?"

"ಚೂರೂ ಇಲ್ಲ" ಎಂದ ವಿರೇಶ, ಕನಸಿನಲ್ಲೆಂಬಂತೆ ನಗುತ್ತಾ.

ಅಶ್ವಿನಿ ಚೀಲ ಕೆಳಗಿಟ್ಟಳು. "ಹಂಗಾದ್ರ ನಾ ಬರಾಂಗಿಲ್ಲ. ಹೆದರಿಕಿ ಬಂದ ಮ್ಯಾಲೆ ಬಂದು ಕರೀರಿ."

ಬಾಗಿಲು ಮುಚ್ಚಿತು. ವಿರೇಶ ಯಮನೂರಪ್ಪನತ್ತ ತಿರುಗಿದ.

"ಹೆದರಿಕಿ ಬಂದ ಮ್ಯಾಲೆ ನಾ ಈ ಬಾಗಿಲಿಗೆ ಹ್ಯಾಂಗ ಬರ್ಲೋ, ಯಮನೂರಪ್ಪಾ?"